ಚಿತ್ರಕಾದಂಬರಿ ಕೊಡುವ ಮೇಡಂ
ನಮ್ಮ ಶಾಲೆಯ ಲೈಬ್ರರಿ ಮೇಡಂಗೆ ಹದಿಹರೆಯದವರ ಕೈಗೆ ಚಿತ್ರಕಾದಂಬರಿ ಕೊಡುವುದೆಂದರೆ ಕೆಂಡ ಕೊಟ್ಟಷ್ಟು ದಿಗಿಲು. ನಾವು ಯಾರು, ಎಲ್ಲಿಯವರು ಎಂದು ಕೇಳುವ ಪುಸ್ತಕವಾದರಂತೂ ಮುಗಿದೇ ಹೋಯಿತು. ತಾವೇ ಆರಿಸಿ ಕೊಟ್ಟು, ಮರುಕ್ಷಣವೇ, "ಮನಸ್ಸಿಗೆ ಕಷ್ಟ ಆದ್ರೆ ಅಲ್ಲಿಗೇ ಮುಚ್ಚಿಬಿಡು ಕಣಮ್ಮ" ಎನ್ನುತ್ತ ಬಾಗಿಲವರೆಗೂ ಹಿಂದೆ ಬರುತ್ತಾರೆ. ಅಲ್ಲೇ ಕೂತು ಓದುವವರನ್ನು ಕಪಾಟಿನ ಸಂದಿಯಿಂದ ನೋಡುತ್ತ ಉಗುರು ಕಚ್ಚುತ್ತಾರೆ. ಯಾರಾದರೂ ಮೂಗೆಳೆದರೆ, ನೆಗಡಿಯೋ ಅಳುವೋ ತಿಳಿಯದೆ ಕರವಸ್ತ್ರ ಹಿಡಿದು ಓಡಿಬರುತ್ತಾರೆ. "ಬರೀ ಚಿತ್ರದ ಪುಸ್ತಕಕ್ಕೆ ಇಷ್ಟೊಂದು ಗಾಬರಿನಾ?" ಎಂದು ಹೆಡ್‌ಮಾಸ್ಟರು ನಗುತ್ತಾರೆ. ಮೊನ್ನೆ, ಮನೆಮಾತನ್ನು ಯಾರೆದುರೂ ಆಡದ ಹೊಸ ಹುಡುಗಿಯೊಬ್ಬಳಿಗೆ, ಬೇರೆ ಊರಿಗೆ ವಲಸೆ ಬಂದ ಕುಟುಂಬದ ಚಿತ್ರಕಾದಂಬರಿಯೊಂದನ್ನು ಕೊಟ್ಟರು. ಅವಳು ಓದಿ ಮುಗಿಸಿ ಮೇಜಿನ ಬಳಿ ಬಂದು ನಿಂತಳು. "ಮೇಡಂ, ಅಜ್ಜಿ ಶಾಲೆ ಹತ್ರ ಬಂದಾಗ ಈ ಕಥೆ ಹುಡುಗಿ ಗುರುತೇ ಇಲ್ಲದವಳ ಥರ ಹೋಗ್ಬಿಡ್ತಾಳಲ್ಲ, ಆಮೇಲೆ ಅಜ್ಜಿ ಕ್ಷಮಿಸ್ತಾರಾ? ಪುಸ್ತಕದಲ್ಲಿ ಹೇಳೇ ಇಲ್ಲ." ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. "ಗೊತ್ತಿಲ್ಲಮ್ಮ. ನಮ್ಮಜ್ಜೀನ ಕ್ಷಮೆ ಕೇಳೋಕೆ ನನಗೆ ಧೈರ್ಯ ಬರೋ ಹೊತ್ತಿಗೆ ಅವರು ಹೋಗ್ಬಿಟ್ಟಿದ್ರು" ಎಂದವರು, ಹುಡುಗಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಕೇಳಿದರು: "ನಿಮ್ಮಜ್ಜಿ ಇನ್ನೂ ಇದಾರೆ ತಾನೇ?"