ಮೂರು ಠಾಣೆಗಳ ನಡುವಿನ ಟೀ ಅಂಗಡಿ

ನಾನು ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದೆ. ಅಂದರೆ ದೂರು, ಡೈರಿ, ಡ್ಯೂಟಿ ಪಟ್ಟಿ ಎಲ್ಲ ಬರೆಯುವ ಹೆಡ್ ಕಾನ್‌ಸ್ಟೆಬಲ್. ಎಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಹೆಚ್ಚು. ನಮ್ಮ ಸಬ್‌ಇನ್‌ಸ್ಪೆಕ್ಟರ್ ಸಾಹೇಬರಿಗೆ ತಮ್ಮ ಸರಹದ್ದಿನಲ್ಲಿ ಅಪರಾಧ ನಡೆಯಿತೆಂದು ಬರೆಸುವುದೆಂದರೆ ಬೀಗರ ಎದುರು ಪಂಚೆ ಜಾರಿದಷ್ಟು ಅವಮಾನ.

ತುಮಕೂರು ರಸ್ತೆಯಲ್ಲಿ ಪೀಣ್ಯದ ಕಾರ್ಖಾನೆಗಳು ಮುಗಿದು ಹೊಲಗಳು ಶುರುವಾಗುವ ಕಡೆ ಮೂರು ಠಾಣೆಗಳ ಸರಹದ್ದು ಕೂಡುತ್ತಿತ್ತು. ಸರಿಯಾಗಿ ಅಲ್ಲೇ ಒಬ್ಬ ಹೆಂಗಸು ಟೀ ಅಂಗಡಿ ಇಟ್ಟಳು. ಊರಾಚೆಯ ಹರಿಜನ ಕಾಲೊನಿಯವಳು. ಊರೊಳಗಿನ ಹೋಟೆಲಿನಲ್ಲಿ ಕಾಲೊನಿಯವರಿಗೆಂದು ಸೂರಿಗೆ ಸಿಕ್ಕಿಸಿದ ಬೇರೆ ಲೋಟಗಳಿದ್ದವು. ಅವರು ಹೊರಗೆ ನಿಂತು ಕುಡಿದು, ತಾವೇ ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಬೇಕು. ಇವಳ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಗಾಜಿನ ಲೋಟ. ಚಿಕ್ಕಬಾಣಾವರದಲ್ಲಿ ರೈಲಿಳಿದು ಕೆಲಸಕ್ಕೆ ಬರುವವರು ಜಾತಿ ಕೇಳದೆ ಕುಡಿದರು. ಊರಿನ ನಾಲ್ಕು ಹುಡುಗರಿಗೆ ಮಾತ್ರ ಮೈ ಉರಿಯಿತು. ಮಧ್ಯಾಹ್ನ ಶಿಫ್ಟ್ ಬಿಡುವ ಹೊತ್ತಿಗೆ ಲಂಟಾನ ಪೊದೆಯ ಹಿಂದೆ ಕೂತು ಕಲ್ಲು ಬೀಸುತ್ತಿದ್ದರು.

ಅವಳು ದೂರು ತಂದಾಗ ನಮ್ಮ ಸಾಹೇಬರು ಮೊದಲು ಕೇಳಿದ್ದು, ಕಲ್ಲು ಎಲ್ಲಿಂದ ಬಂತು ಎಂದು. ಪೊದೆ ಪಕ್ಕದ ಠಾಣೆಯದು. ಪಕ್ಕದವರು ಹೇಳಿದರು, ಒಲೆ ಇರುವುದು ನಿಮ್ಮಲ್ಲಿ, ಅಂಗಡಿ ನಿಮ್ಮದೇ. ನಮ್ಮವರು ಹೇಳಿದರು, ಲೋಟ ಒಡೆದದ್ದು ಹೊಂಗೆ ಮರದ ಕೆಳಗಿನ ಬೆಂಚಿನ ಮೇಲೆ, ಅದು ಮೂರನೆಯವರದು. ಒಂದೇ ಕಲ್ಲು ಒಬ್ಬರ ಸರಹದ್ದಿನಲ್ಲಿ ಹೊರಟು, ಇನ್ನೊಬ್ಬರ ಮೇಲೆ ಹಾರಿ, ಮತ್ತೊಬ್ಬರಲ್ಲಿ ಬೀಳುತ್ತಿತ್ತು. ಆ ಹೆಂಗಸು ಒಂದು ತಿಂಗಳು ಮೂರೂ ಠಾಣೆಗಳ ಮೆಟ್ಟಿಲು ಸವೆಸಿದಳು.

ಕೊನೆಗೆ ಒಬ್ಬ ಕಾರ್ಖಾನೆಯವನ ಹಣೆ ಒಡೆಯಿತು. ಗಿರಾಕಿಗಳು ಹೆದರಿದರು. ಅವಳು ಬಂದು ನನ್ನ ಮೇಜಿನ ಮುಂದೆ ನಿಂತಳು.

"ನಾಳೆಯಿಂದ ಒಲೆ ಅಚ್ಚಲ್ಲ ಸಾಮಿ. ಮತ್ತೆ ಆ ಉಡುಗ್ರ ಅಪ್ಪಂದ್ರ ಒಲ್ದಲ್ಲೇ ಕಳೆ ಕೀಳಕ್ಕೋಯ್ತೀನಿ. ಅವ್ರಿಗೆ ಬೇಕಾಗಿದ್ದೂ ಅದೇ ಅಲ್ವಾ?"

ನನಗೆ ರೇಗಿಹೋಯಿತು. "ನಾಳೆ ಒಂದಿನ ಹಚ್ಚಮ್ಮ. ಹಾಲು ಜಾಸ್ತಿ ತರಿಸಿಟ್ಟಿರು" ಅಂದೆ.

ಉಳಿದೆರಡು ಠಾಣೆಗಳ ರೈಟರುಗಳು ನನ್ನ ಜೊತೆಗೇ ತರಬೇತಿ ಮುಗಿಸಿದವರು, ನನ್ನಷ್ಟೇ ಕಿಲಾಡಿಗಳು. ಫೋನಿನಲ್ಲಿ ಒಪ್ಪಂದವಾಯಿತು. ಮೂವರೂ ನಮ್ಮ ನಮ್ಮ ಸಾಹೇಬರ ಕಿವಿಯಲ್ಲಿ ಒಂದೇ ಸುಳ್ಳು ಊದಿದೆವು: "ನಾಳೆ ಮಧ್ಯಾಹ್ನ ದೊಡ್ಡ ಸಾಹೇಬರು ಆ ಅಂಗಡಿ ಹತ್ರ ಬರ್ತಾರಂತೆ ಸಾರ್. ಜಾತಿ ಗಲಾಟೆ ಯಾರು ಹತೋಟಿಗೆ ತಂದಿದಾರೆ ಅಂತ ನೋಡ್ತಾರಂತೆ. ಪಕ್ಕದ ಠಾಣೆಯವರು ಆಗ್ಲೇ ಅದು ನಮ್ಮ ಲಿಮಿಟ್ಸು ಅಂತಿದಾರೆ."

ಮರುದಿನ ಮೂರು ಜೀಪು ಬಂದವು. ಮೂವರು ಸಾಹೇಬರೂ ಗರಿಗರಿ ಇಸ್ತ್ರಿಯಲ್ಲಿ ಇಳಿದರು. ದೊಡ್ಡವರ ಕಾರಿಗೆ ಜಾಗ ಬೇಕೆಂದು ಹೇಳಿ ಜೀಪುಗಳನ್ನು ಕಾರ್ಖಾನೆಯ ಕಾಂಪೌಂಡಿನೊಳಗೆ ಹಾಕಿಸಿದೆ. ಬೆಂಚಿನ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಬಿಸಿಲು, ಧೂಳು, ಬಾರದ ದೊಡ್ಡ ಸಾಹೇಬರು. ಅರ್ಧ ಗಂಟೆಯಲ್ಲಿ ಟೀ ಬೇಕಾಯಿತು. ಇನ್ನರ್ಧ ಗಂಟೆಗೆ ಮತ್ತೊಂದು.

ಶಿಫ್ಟ್ ಬಿಡುವ ಸೈರನ್ ಕೂಗಿತು. ಹೊಂಗೆ ಮರದ ಬೊಡ್ಡೆ ಅಡ್ಡವಾಗಿ ಹುಡುಗರಿಗೆ ಖಾಕಿ ಕಾಣಲಿಲ್ಲವೋ ಏನೋ, ಮಾಮೂಲಿನಂತೆ ಬೀಸಿದರು. ಕಲ್ಲು ಬಂದು ನಮ್ಮ ಸಾಹೇಬರ ಲೋಟಕ್ಕೇ ಬಡಿಯಿತು. ಟೀ ಅಷ್ಟೂ ಪ್ಯಾಂಟಿನ ಮೇಲೆ. ನನಗೆ ಆದ ಸಂತೋಷವನ್ನು ಮುಖದಲ್ಲಿ ತೋರಿಸದಿರಲು ಬಹಳ ಕಷ್ಟಪಟ್ಟೆ.

ನಮ್ಮ ಪೇದೆಗಳು ಪೊದೆಗೆ ನುಗ್ಗಿ ನಾಲ್ವರನ್ನೂ ಎಳೆದು ತಂದರು. ಆಮೇಲೆ ಶುರುವಾಯಿತು ನೋಡಿ.

"ಇವರನ್ನ ನಮ್ಮ ಠಾಣೆಗೆ ಹಾಕಿ" ಅಂದರು ಒಬ್ಬರು. "ಪೊದೆ ನಮ್ಮದು."

"ಅದು ಹೇಗ್ರೀ? ಬೆಂಚು ನಮ್ಮದು."

"ಲೋಟ ಒಡೆದಿದ್ದು ನನ್ನ ಕೈಯಲ್ಲಿ ಕಣ್ರೀ" ಎಂದು ನಮ್ಮವರು ಒದ್ದೆ ಪ್ಯಾಂಟು ತೋರಿಸಿದರು.

ಒಂದು ತಿಂಗಳಿಂದ ಯಾರಿಗೂ ಬೇಡವಾಗಿದ್ದ ಕೇಸಿಗೆ ಮೂವರು ಕಿತ್ತಾಡುವುದನ್ನು ಹುಡುಗರ ಅಪ್ಪಂದಿರು ರಸ್ತೆಯಾಚೆ ನಿಂತು ನೋಡಿದರು. ಹುಡುಗರನ್ನು ಬಿಡಿಸಲು ಯಾರ ಕಾಲು ಹಿಡಿಯಬೇಕೆಂದೇ ಅವರಿಗೆ ತಿಳಿಯಲಿಲ್ಲ. ಕೊನೆಗೆ ಅಸ್ಪೃಶ್ಯತೆ ಆಚರಣೆಯ ಕೇಸು ನಮ್ಮಲ್ಲಿ ದಾಖಲಾಯಿತು, ಉಳಿದಿಬ್ಬರು ಸಾಕ್ಷಿಯಾದರು. ದೊಡ್ಡ ಸಾಹೇಬರಿಗೆ ಏನೋ ತುರ್ತು ಮೀಟಿಂಗು ಬಂತಂತೆ ಎಂದು ನಾನು ಹೇಳಿದೆ.

ಮರುವಾರ ನಾವು ರೈಟರುಗಳು ಇನ್ನೊಂದು ಕೆಲಸ ಮಾಡಿದೆವು. ಗಸ್ತಿನ ಪೇದೆ ಬಂದು ಹೋದದ್ದಕ್ಕೆ ಸಹಿ ಹಾಕುವ ಬೀಟ್ ಪುಸ್ತಕವನ್ನು ಶ್ರೀಮಂತರ ಮನೆ ಬಾಗಿಲಿಗೆ ತೂಗುಹಾಕುವುದು ರೂಢಿ. ಮೂರೂ ಠಾಣೆಗಳ ಪುಸ್ತಕಗಳನ್ನು ಇವಳ ಅಂಗಡಿಯಲ್ಲಿ ತೂಗುಹಾಕಿಸಿದೆವು. ಬೆಳಿಗ್ಗೆ ಒಬ್ಬ, ಮಧ್ಯಾಹ್ನ ಒಬ್ಬ, ಸಂಜೆ ಒಬ್ಬ ಪೇದೆ ಬಂದೇ ತೀರಬೇಕು. ಕಲ್ಲು ನಿಂತಿತು. ಗಿರಾಕಿಗಳು ಮರಳಿದರು. ಈಗಿನವರು ಇದಕ್ಕೆ ಠಾಣೆಗಳ ಸಮನ್ವಯ ಎಂದು ಹೆಸರಿಟ್ಟು ಸಭೆ ಮಾಡುತ್ತಾರೆ.

ಒಂದು ದಿನ ಪುಸ್ತಕಗಳ ಸಹಿ ತಪಾಸಣೆಗೆ ಹೋದೆ. ನನ್ನ ಕಿಲಾಡಿತನ ನೆನೆದು ಒಳಗೊಳಗೇ ಬೀಗುತ್ತಿದ್ದೆ. ಅವಳು ಟೀ ಸೋಸಿ ಲೋಟ ಮುಂದೆ ಹಿಡಿದಳು.

"ಬೇಡಮ್ಮ, ಈಗ ತಾನೇ ಆಯ್ತು" ಅಂದೆ.

ಅವಳ ಮುಖದಲ್ಲಿ ಕೋಪವಿರಲಿಲ್ಲ. "ಅಂಗಡಿ ಉಳಿಸ್ಕೊಟ್ರಿ ಸಾಮಿ, ನಾನು ಸಾಯಗಂಟ ಮರೆಯಲ್ಲ. ಮೂರು ಠಾಣೆ ಸಾಯೇಬ್ರಿಗೂ ಇಲ್ಲೇ ಕುಡಿಸಿದ್ರಿ. ನೀವ್ ಮಾತ್ರ ಒಂದಿನಾನೂ ಕುಡೀಲಿಲ್ಲ."

ನಾನು ಒಕ್ಕಲಿಗರ ಮನೆಯವನು, ಕಾಲೊನಿಯವರ ಲೋಟಕ್ಕೆ ಅಲ್ಲಿಯವರೆಗೆ ಬಾಯಿಟ್ಟವನಲ್ಲ. ಕಿವಿ ಬಿಸಿಯಾಯಿತು. ಸಿಟ್ಟು ಬಂತು, ಅವಳ ಮೇಲಲ್ಲ. ಲೋಟ ಇಸಿದುಕೊಂಡು ನಾಲಿಗೆ ಸುಟ್ಟುಕೊಂಡು ಕುಡಿದೆ. ಅವಳು ಆಗಲೇ ಬೇರೆ ಗಿರಾಕಿಯ ಕಡೆ ತಿರುಗಿದ್ದಳು.

ಅದನ್ನು ಮನೆಯಲ್ಲಿ ಅವ್ವನಿಗೆ ಹೇಳಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು.