ಹದಿನೇಳನೆಯ ಸಲ ಒತ್ತಿದ ಗುಂಡಿ

ಮಾರುವ ಸಾಮಾನನ್ನು ಮೊದಲು ಗಿರಾಕಿಯ ಕೈಗೆ ಕೊಟ್ಟುಬಿಡಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ನಿಂತು ನೋಡಿ ಕಲಿತದ್ದು. ಮಲ್ಪೆಯಲ್ಲಿ ಮೀನಿನ ಕಿವಿರು ಎತ್ತಿ ನೋಡಲು ಬಿಡದ ಹೆಂಗಸಿನ ಬುಟ್ಟಿ ಮಧ್ಯಾಹ್ನವಾದರೂ ಖಾಲಿಯಾಗುತ್ತಿರಲಿಲ್ಲ. ಉಡುಪಿಯಲ್ಲಿ ಕಾರಿನ ಸೀಟ್ ಕವರ್, ಹಾರ್ನ್ ಮಾರುವ ಅಂಗಡಿ ಇಟ್ಟ ಮೇಲೆ ನಾನೂ ಹಾಗೆಯೇ ಮಾಡಿದೆ. ಕೈಗೆ ಬಂದದ್ದನ್ನು ವಾಪಸು ಕೊಡುವಾಗ ಮನುಷ್ಯನಿಗೆ ಏನೋ ಕಳೆದುಕೊಂಡಂತಾಗುತ್ತದೆ. ಚೌಕಾಸಿಗೆ ಕೂರಬೇಕಾದದ್ದು ಆ ಗಳಿಗೆಯಲ್ಲಿ. ಈ ಬುದ್ಧಿ ನನಗೆ ಬಹಳ ಕಡೆ ಕೆಲಸಕ್ಕೆ ಬಂದಿದೆ. ಒಂದು ಕಡೆ ಮಾತ್ರ ಕೈಕೊಟ್ಟಿತು.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ಗದಗದ ಕಡೆಯವನೊಬ್ಬ ಮಣಿಪಾಲದಲ್ಲಿ ಟಿ.ವಿ. ರಿಪೇರಿ ಮಾಡಿಕೊಂಡಿದ್ದ. ಅವನ ಕೈಚಳಕ ನೋಡಿ ನಾನೇ ವ್ಯಾಪಾರದ ಪಾಲಿಗೆ ಕರೆದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಅವನು ಕಾರಿನ ಬಾಗಿಲಿಗೆ ರಿಮೋಟ್ ಬೀಗ ತಯಾರಿಸಿದ. ಜನರಿಗೆ ತೋರಿಸಲು ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಗುಜರಿಯಿಂದ ತಂದ ಕಾರಿನ ಬೀಗ, ಎಳೆಯುವ ಮೋಟಾರು, ರಿಸೀವರಿನ ಪೆಟ್ಟಿಗೆ, ಕೆಳಗೆ ಬೈಕಿನ ಬ್ಯಾಟರಿ. ರಿಮೋಟ್ ಒತ್ತಿದರೆ ಟಕ್ ಎಂದು ತೆರೆಯುತ್ತಿತ್ತು. ಆಗ ಸಿಗುತ್ತಿದ್ದ ಅಗ್ಗದ ರಿಮೋಟುಗಳು ಪ್ರತಿಸಲವೂ ಒಂದೇ ಗುಟ್ಟಿನ ಸಂಖ್ಯೆ ಕಳಿಸುತ್ತಿದ್ದವು. ಕಳ್ಳ ಅದನ್ನು ಹಿಡಿದಿಟ್ಟುಕೊಂಡರೆ ಮುಗಿಯಿತು. ಇವನದು ಒಂದೊಂದು ಸಲ ಒತ್ತಿದಾಗಲೂ ಹೊಸ ಸಂಖ್ಯೆ ಕಳಿಸುತ್ತಿತ್ತು. ರಿಸೀವರೂ ಅದೇ ಲೆಕ್ಕವನ್ನು ಜೊತೆಗೇ ಎಣಿಸುತ್ತಿತ್ತು. ಅದು ಹತ್ತಿರವಿಲ್ಲದಾಗ ಒತ್ತಿದರೆ ರಿಮೋಟಿನ ಲೆಕ್ಕ ಮಾತ್ರ ಮುಂದೆ ಓಡುತ್ತಿತ್ತು.

"ಅಣ್ಣಾರ, ಹಲಗಿ ಇಲ್ಲದ ಕಡೆ ಗುಂಡಿ ಒತ್ತಬ್ಯಾಡ್ರಿ" ಎಂದಿದ್ದ. "ಹದಿನಾರು ಸಲ ತನಕ ತಡ್ಕೊಂತೈತಿ. ಅದರ ಮ್ಯಾಲೆ ಒತ್ತಿದ್ರ ನಿಮ್ಮನ್ನೂ ಕಳ್ಳ ಅಂತೈತಿ."

"ಎಂತ ಮಾರಾಯ, ಬಂಡವಾಳ ಹಾಕಿದವನನ್ನೇ ಕಳ್ಳ ಅಂತ ಹೇಳುವುದಾ?"

"ಅದಕ್ಕ ಬಂಡವಾಳ ಗೊತ್ತಾಗಂಗಿಲ್ರಿ" ಎಂದು ನಕ್ಕ. ಎರಡರ ಲೆಕ್ಕ ತಪ್ಪಿದರೆ ಮತ್ತೆ ಕೂಡಿಸಲು ರಿಮೋಟನ್ನೂ ರಿಸೀವರನ್ನೂ ಅವನ ಮೇಜಿನ ಕಂಪ್ಯೂಟರಿಗೇ ತಂದು ಜೋಡಿಸಬೇಕಿತ್ತು.

ಕಾರ್ಕಳದಲ್ಲಿ ಹತ್ತು ಟೂರಿಸ್ಟ್ ಕಾರು ಓಡಿಸುವ ಧಣಿಯೊಬ್ಬರು ತಂದು ತೋರಿಸಿ, ಹಿಡಿಸಿದರೆ ಎಲ್ಲದಕ್ಕೂ ಹಾಕಿಸುತ್ತೇನೆ ಎಂದಿದ್ದರು. ಆ ಆರ್ಡರಿನ ಮೇಲೆ ನನಗಿಂತ ಅವನಿಗೆ ಆಸೆ ಹೆಚ್ಚು. ಅವನ ಊರಿನಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು. ನಮ್ಮನ್ನು ಅಲ್ಲಿಗೆ ಕರೆಸಿಕೊಳ್ಳಿ, ಇಲ್ಲವೇ ನೀವೇ ಬನ್ನಿ ಎಂದು ಹೆಂಡತಿ ಹೇಳಿ ಮುಗಿಸಿದ್ದಳು. ಹಿರಿಯಡ್ಕದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನೋಡಿ ಇಟ್ಟಿದ್ದ. ಮನೆಯ ಮಾಲೀಕರು ಶನಿವಾರದವರೆಗೆ ಕಾಯುತ್ತೇನೆಂದಿದ್ದರು. ಆರ್ಡರ್ ಸಿಕ್ಕಿದರೆ ಇಲ್ಲಿಯೇ ಉಳಿಯುತ್ತಾನೆ, ಇಲ್ಲದಿದ್ದರೆ ಹೋಗುತ್ತಾನೆ.

ಕಾರ್ಕಳಕ್ಕೆ ಹೋಗುವ ಹಿಂದಿನ ದಿನ ನನಗೆ ಕಾಪುವಿನಲ್ಲಿ ಬೇರೆ ಕೆಲಸವಿತ್ತು. ಹಲಗೆ ಭಾರ, ರಿಮೋಟ್ ಮಾತ್ರ ಕಿಸೆಯಲ್ಲಿ. ಟ್ಯಾಕ್ಸಿ ಸ್ಟ್ಯಾಂಡ್ ಕಂಡಾಗ ನನ್ನ ಕೈ ಸುಮ್ಮನಿರಲಿಲ್ಲ. ಒಬ್ಬೊಬ್ಬ ಡ್ರೈವರನ ಕೈಗೂ ಕೊಟ್ಟೆ. ಕೆಂಪು ದೀಪ ಹೊತ್ತುವುದನ್ನು ನೋಡಲು ಒತ್ತಿದ್ದೇ ಒತ್ತಿದ್ದು. "ಇದು ನಮ್ಮ ಧಣಿಯ ಪರ್ಸ್ ತೆರೆಯುವುದಾದರೆ ಎರಡು ಕೊಡಿ" ಎಂದ ಒಬ್ಬ. ಹದಿನಾರು ಯಾವಾಗ ದಾಟಿತೋ, ನಾನು ಎಣಿಸಲೇ ಇಲ್ಲ.

ಮರುದಿನ ಇಬ್ಬರೂ ಕಾರ್ಕಳಕ್ಕೆ ಹೋದೆವು. ಧಣಿಯ ಅಂಗಳದಲ್ಲಿ ಹಲಗೆ ನಿಲ್ಲಿಸಿ ಅವರ ಕೈಗೆ ರಿಮೋಟ್ ಕೊಟ್ಟೆ. ಒತ್ತಿದರು. ದೀಪ ಹೊತ್ತಿತು, ಬೀಗ ಅಲುಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಒತ್ತಿದರು.

"ಭದ್ರ ಅಂದರೆ ಭದ್ರವೇ ಉಂಟು ಮಾರಾಯ್ರೇ" ಎಂದರು, "ಯಜಮಾನನಿಗೂ ತೆರೆಯುವುದಿಲ್ಲ!"

ಸುತ್ತ ನಿಂತ ಡ್ರೈವರುಗಳು ನಕ್ಕರು. ಪಾಲುದಾರ ನನ್ನ ಹತ್ತಿರ ಬಗ್ಗಿ ಕೇಳಿದ: "ಅಣ್ಣಾರ, ಬ್ಯಾರೆ ಕಡೆ ಒತ್ತೀರೇನ್ರಿ?"

"ಛೆ, ಇಲ್ಲಪ್ಪ" ಎಂದೆ.

ಎಲ್ಲರ ಮುಂದೆ ಸಣ್ಣವನಾಗಲು ಮನಸ್ಸು ಬರಲಿಲ್ಲ, ಅಷ್ಟೇ. ಅವನು ನನ್ನ ಮಾತು ನಂಬಿದ. ಪೆಟ್ಟಿಗೆ ಬಿಚ್ಚಿದ, ತಂತಿ ತಂತಿಯನ್ನೂ ಮುಟ್ಟಿ ನೋಡಿದ. ಬೆವರು ಮೂಗಿನ ತುದಿಯಿಂದ ಹಲಗೆಯ ಮೇಲೆ ಬೀಳುತ್ತಿತ್ತು. ಕೊನೆಗೆ ಎದ್ದು ನಿಂತು, "ತಂತಿಗೆ ಬೆಸಿಗಿ ಹಾಕಿದಾಂವ ನಾನ್ರಿ ಸಾಹೇಬ್ರ, ತಪ್ಪು ನಂದ" ಎಂದ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು.

ವ್ಯಾಪಾರಕ್ಕೆ ಇಳಿಯುವವರಿಗೆ ನನ್ನದೊಂದು ಮಾತು: ಸುಳ್ಳು ಹೇಳಲೇಬೇಕಾದರೆ ದರದಲ್ಲಿ ಹೇಳಿ. ಅದು ಸುಳ್ಳೆಂದು ಗಿರಾಕಿಗೂ ಗೊತ್ತಿರುತ್ತದೆ, ಯಾರಿಗೂ ನಷ್ಟವಿಲ್ಲ. ಜೊತೆಗೆ ಕೆಲಸ ಮಾಡುವವನಿಗೆ ಮಾತ್ರ ಹೇಳಬೇಡಿ.

ಅವನು ಅಂಗಡಿಗೆ ಬಂದವನೇ ರಿಮೋಟ್, ರಿಸೀವರ್ ಎರಡನ್ನೂ ಕಂಪ್ಯೂಟರಿಗೆ ಜೋಡಿಸಿದ. ರಿಸೀವರಿನ ಲೆಕ್ಕಕ್ಕಿಂತ ರಿಮೋಟಿನದು ಎಷ್ಟೋ ಮುಂದೆ ಓಡಿತ್ತು. ಪರದೆಯನ್ನೇ ನೋಡುತ್ತಾ ಕುಳಿತ. ನಾನು ಬಾಗಿಲಲ್ಲಿ ನಿಂತಿದ್ದೆ.

"ಬೆಸಿಗಿ ಚಲೋನೇ ಐತ್ರಿ" ಎಂದು, ಎರಡರ ಲೆಕ್ಕ ಮತ್ತೆ ಕೂಡಿಸಿಟ್ಟ. ಅಷ್ಟೇ. ನನ್ನನ್ನು ಒಂದು ಮಾತು ಬೈದಿದ್ದರೆ ನಾನೂ ತಿರುಗಿ ಬೈದು, ಅದು ಜಗಳವಾಗಿ, ಒಟ್ಟಿಗೆ ಚಾ ಕುಡಿದು ಮುಗಿಯುತ್ತಿತ್ತೋ ಏನೋ. ಶನಿವಾರ ಹಿರಿಯಡ್ಕದ ಮನೆ ಬೇಡವೆಂದು ಹೇಳಿಬಂದ. ಭಾನುವಾರ ಬಸ್ಸು ಹತ್ತಿದ.

ನಾನು ಕಾರ್ಕಳಕ್ಕೆ ಮತ್ತೆ ಹೋದದ್ದು ಹತ್ತು ದಿನ ಕಳೆದು. ಮರುದಿನವೇ ಹೋಗಬೇಕಿತ್ತು. ಬೀಗ ತೆರೆದು ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಧಣಿ ನಗಲಿಲ್ಲ. "ಇದನ್ನು ಅವತ್ತೇ ಹೇಳಲಿಕ್ಕೆ ಎಂತ ಆಗಿತ್ತು ನಿಮಗೆ? ಪಾಪ, ಅವನ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ" ಎಂದರು. ಹತ್ತು ಕಾರಿಗೂ ಹಾಕಿ ಎಂದರು.

ಅಲ್ಲಿಯೇ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಅವನ ಮನೆಯ ಪಕ್ಕದ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವರು ಅವನನ್ನು ಕರೆದುಕೊಂಡು ಬಂದರು. ತಪ್ಪು ನನ್ನದೆಂದು ಧಣಿಗೆ ಹೇಳಿದ್ದೇನೆ, ಆರ್ಡರ್ ಸಿಕ್ಕಿದೆ, ಬಾ ಎಂದೆ.

"ಮಗಳನ್ನ ಇಲ್ಲೇ ಅಂಗನವಾಡಿಗೆ ಹಾಕೀನ್ರಿ ಅಣ್ಣಾರ" ಎಂದ. "ಕಾರಿಗೆ ಕೂಡಿಸೂದು ನಿಮಗ ಬರ್ತೈತಲ್ಲ, ಮಾಡ್ರಿ."

ಬರುತ್ತಿತ್ತು. ಅವನ ಪಕ್ಕದಲ್ಲಿ ಕುಳಿತು ಎಲ್ಲ ನೋಡಿಕೊಂಡಿದ್ದೆ. ಆದರೂ ಕೆಂಪು ತಂತಿ ಎಲ್ಲಿಗೆ, ಕಪ್ಪು ಎಲ್ಲಿಗೆ ಎಂದು ಕೇಳಿದೆ. ಅವನು ನಿಧಾನವಾಗಿ ಹೇಳಿದ. ಮೋಟಾರನ್ನು ಯಾವ ಕಡೆ ಕೂರಿಸುವುದು ಎಂದು ಕೇಳಿದೆ. ಅದನ್ನೂ ಹೇಳಿದ. ಹೊರಗೆ ನಾನು ಹತ್ತಬೇಕಿದ್ದ ಉಡುಪಿಯ ಬಸ್ಸು ಹೊರಟಿತ್ತು. ನಾನು ಹಳದಿ ತಂತಿಯ ವಿಷಯ ಕೇಳತೊಡಗಿದೆ.