ಬೂದಿ ಬೆರೆಸಿದ ಕಟ್ಟೆ

ಬೂದಿಯ ಮೇಲೆ ಕೂತು ಚಹಾ ಕುಡಿದಿದ್ದೀರಾ? ನಾನು ಕುಡಿದಿದ್ದೇನೆ, ಸೇಡಂನ ನಮ್ಮ ಪಕ್ಕದ ಮನೆಯವಳ ಜೊತೆ.

ಅವಳು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಸುಟ್ಟ ಭತ್ತದ ಹೊಟ್ಟಿನ ಬೂದಿಯನ್ನು ಚೀಲದಲ್ಲಿ ಹೊತ್ತು ತರುವಳು. ಜರಡಿ ಹಿಡಿದು, ಬೆರಳ ನಡುವೆ ತಿಕ್ಕಿ ನೋಡಿ, "ಚೆಲ್ಲೂದ್ಯಾಕ್ರಿ ಅಕ್ಕಾ?" ಎನ್ನುವಳು. ಒಣಗಿದ ರೊಟ್ಟಿಗೂ ಹರಿದ ಸೀರೆಗೂ ಅವಳದು ಅದೇ ಮಾತು.

ನಮ್ಮಿಬ್ಬರ ಬಾಗಿಲ ನಡುವೆ ಕಾಂಕ್ರೀಟಿನ ಕಟ್ಟೆ ಹಾಕಿಸುವಾಗ ಗಾರೆ ಕೆಲಸದ ಗೌಂಡಿಯ ಬೆನ್ನುಬಿದ್ದು, ಸಿಮೆಂಟ್ ಸ್ವಲ್ಪ ಕಡಿಮೆ ಮಾಡಿಸಿ ಆ ಬೂದಿಯನ್ನೇ ಹಾಕಿಸಿದಳು. ನಾನು ಮರುದಿನವೇ ಕೂರಲು ಹೋದೆ. ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದವಳು ಅಡ್ಡ ನಿಂತಳು.

"ಈಗೇ ಕುಂದ್ರಬ್ಯಾಡ್ರಿ! ಬೂದಿ ಹಾಕೀನಿ, ನಿಧಾನಕ್ಕ ಗಟ್ಟಿ ಆಗ್ತದ."

ಆಮೇಲೆ ಎಷ್ಟು ಸಂಜೆ ಅಲ್ಲಿ ಕೂತೆವೋ! ಈಗ ಅವಳು ಚಿಂಚೋಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಟ್ಟೆಯ ಮೇಲೆ ಅವಳು ಕೂರುತ್ತಿದ್ದ ಜಾಗದಲ್ಲಿ ಬೆಕ್ಕು ಮಲಗುತ್ತದೆ. ನನಗೆ ಚಹಾ ರುಚಿಸುವುದಿಲ್ಲ.

ಮೊನ್ನೆ ಫೋನಿನಲ್ಲಿ ಟೈಪ್ ಮಾಡಲು ಕಲಿತ ಕೂಡಲೇ ಅವಳಿಗೆ ಒಂದು ಸುಳ್ಳು ಬರೆದೆ: "ನಿನ್ನ ಕಟ್ಟಿ ಒಡದದ. ಬಂದು ನೋಡು."

ತಕ್ಷಣ ಫೋನ್ ಮಾಡಿದಳು.

"ಕಟ್ಟಿ ಒಡಿಯಂಗಿಲ್ಲ, ನನಗ ಗೊತ್ತದ. ನೆನಪಾಗ್ಯದ ಅಂತ ಬರೀಲಿಕ್ಕ ನಿಮಗೇನು ಧಾಡಿ ಆಗೇದ್ರಿ ಅಕ್ಕಾ?"